ಉಸಿರಾಡುವ ಗೋಡೆ

ಪರಿಸರಸ್ನೇಹಿ ಮನೆ ಅನ್ನೋ ಮಾತು ಕೇಳಿದರೆ ನನಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ನಮ್ಮ ಕಡೆಯ ನಿಗಡಿ ಹಳ್ಳಿಯಲ್ಲಿ ಅಂಥದೊಂದು ಮನೆಗೆ ಸುಣ್ಣದ ಗಾರೆ ಹಚ್ಚುತ್ತಿದ್ದೆ. ಅದಕ್ಕೆ ಸಿಮೆಂಟು ಬೇಡ, ಎಸಿ ಬೇಡ. ಹಸಿ ಗೋಡೆ ಬಿಸಿಲಿಗೆ ಬಿರಿಯಬಾರದಂತ ನೆನೆಸಿದ ಗೋಣಿತಟ್ಟು ಹೊದಿಸಿದ್ದೆವು. ಕೆಲಸದವರಾದ ನಮಗೆ ಮಾತ್ರ ಅಂಗಳದಲ್ಲೊಂದು ತಗಡಿನ ಶೆಡ್ಡು.

ಒಂದು ಮಧ್ಯಾಹ್ನ ಗಾರೆ ಕಲೆಸುವ ನೀಲವ್ವ ಬಿಸಿಲು ಬಡಿದು ಆ ಶೆಡ್ಡಿನಲ್ಲಿ ಬಿದ್ದಳು. ಒಳಗೆ ತಂಪಾಗಲಿ ಅಂತ ನಾನು ಗೋಡೆಯ ಗೋಣಿ ಕಿತ್ತು ಶೆಡ್ಡಿನ ತಗಡಿನ ಮೇಲೆ ಹಾಸಿದೆ. ಅಷ್ಟರಲ್ಲಿ ಮನೆಯ ಮಾಲೀಕರು ಬಂದರು, ಬೆಂಗಳೂರಿನ ಕಡೆಯವರು.

“ಯಾರ್ರೀ ಗೋಣಿ ತೆಗೆದಿದ್ದು? ಗಾರೆ ಬಿರುಕು ಬಿಡುತ್ತೆ!”

“ಒಳಗ ಹೆಣ್ಮಗಳು ಬಿದ್ದಾಳ್ರಿ.”

“ಅಯ್ಯೋ ಪಾಪ. ಆದ್ರೆ ಈ ಗೋಡೆ ಉಸಿರಾಡುತ್ತೆ ಕಣ್ರೀ, ಅದಕ್ಕೂ ಜೀವ ಇದೆ.”

“ಹಂಗಾದ್ರ ಅದನ್ನೂ ಈ ತಗಡಿನ ಕೆಳಗ ಮಲಗಸ್ರಿ. ಎಷ್ಟೊತ್ತು ಉಸಿರಾಡ್ತದ ನೋಡೂಣು!”

ನೀಲವ್ವನನ್ನು ಎತ್ತಿಕೊಂಡು ಸೀದಾ ಅವರ ಪಡಸಾಲೆಗೆ ನುಗ್ಗಿದೆ. “ಕಾಲು ತೊಳ್ಕೊಳ್ರೀ, ನೆಲಕ್ಕೆ ಈಗಷ್ಟೇ ಪಾಲಿಶ್ ಆಗಿದೆ!” ಅಂತ ಹಿಂದಿನಿಂದ ಕೂಗಿದರು. ತೊಳೆಯಲಿಲ್ಲ. ಕಾಲು ತೊಳೆಯಲು ಬಾಗಿಲಲ್ಲಿಟ್ಟಿದ್ದ ನೀರನ್ನೆಲ್ಲ ಅವಳ ತಲೆಗೆ ಸುರಿದೆ.

ಸ್ವಲ್ಪ ಹೊತ್ತಿಗೆ ನೀಲವ್ವ ಕಣ್ಣು ಬಿಟ್ಟು ಗೋಡೆ, ಸೂರು ಎಲ್ಲ ನೋಡಿದಳು. “ಅಣ್ಣಾ, ಒಳಗ ಖರೇನ ಭಾಳ ತಂಪದ. ನಾವ ಕಟ್ಟೀವಿ, ನಮಗ ಗೊತ್ತಿಲ್ಲ ನೋಡು.”

ಬಾಗಿಲಲ್ಲಿದ್ದ ಮಾಲೀಕರ ಮುಖ ಅರಳಿತು. ಹೊಗಳಿಕೆ ಅಂದುಕೊಂಡಿರಬೇಕು. “ಇನ್ನೊಂದ್ಸಲ ಹೇಳಮ್ಮಾ” ಅಂತ ಮೊಬೈಲು ಎತ್ತಿ ಹಿಡಿದರು.