ಒಂದಕ್ಕೆಷ್ಟು?

ನಮ್ಮ ಭಾವನ ಬಾಯಿಗೆ ಬೀಗವಿಲ್ಲ. ಇದ್ದ ಬೀಗವನ್ನು ಅವರು ಅಂಗಡಿಯ ಕಕ್ಕಸಿಗೆ ಹಾಕಿದ್ದರು. ಅಕ್ಕನ ಗಂಡ ಅಂತ ಗೌರವ ಕೊಡಬೇಕು, ಕೊಡುತ್ತೇನೆ. ಆದರೆ ಅವರ ಟವೆಲ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಮಡಿಚಿದ್ದನ್ನೇ ಮಡಿಚಿದವನು ನಾನು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದರೂ ಸರಿ, ಹೇಳಿಬಿಡುತ್ತೇನೆ.

ಭಾವ ಸ್ವಂತ ಬುದ್ಧಿಯಿಂದ ಮಾಡಿದ್ದು ಎರಡೇ ಕೆಲಸ. ಅಂಗಡಿಯ ಹಿಂದೆ ನೀಲಿ ಟೈಲ್ಸಿನ ಕಕ್ಕಸು ಕಟ್ಟಿಸಿದ್ದು, ಆಮೇಲೆ ಅದನ್ನು ಯಾರಿಗೂ ಕೊಡದಿದ್ದದ್ದು. ಅಕ್ಕನನ್ನು ಮದುವೆಯಾದದ್ದು ಕೂಡ ಅವರಮ್ಮನ ತೀರ್ಮಾನ. ಯಾರಾದರೂ ಕಕ್ಕಸು ಕೇಳಿದರೆ “ನಮ್ಮಲ್ಲಿಲ್ಲ” ಎನ್ನುತ್ತಿದ್ದರು.

“ಹಾಗಾದ್ರೆ ನೀವೆಲ್ಲಿಗೆ ಹೋಗ್ತೀರಿ?”

“ನಾವು ಹೋಗೋದೇ ಇಲ್ಲ.”

ಗಿರಾಕಿಯ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸವೂ ಅವರಿಗಿಲ್ಲ. ಯಾರಾದರೂ “ಬಿಳಿ...” ಅನ್ನುವಷ್ಟರಲ್ಲಿ ಬಿಳಿ ಟವೆಲ್ ಬಿಚ್ಚಿ ಹರಡಿಯಾಗಿರುತ್ತದೆ. ಪಾಪ, ಅವರು ಬಿಳಿ ಕಟ್ಟಡಕ್ಕೆ ದಾರಿ ಕೇಳಲು ಬಂದಿರುತ್ತಾರೆ.

ಒಂದು ಮಧ್ಯಾಹ್ನ ಎಂಬತ್ತು ದಾಟಿದ ಒಬ್ಬ ಅಜ್ಜ ಕೋಲೂರಿಕೊಂಡು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಔಷಧಿ ಚೀಟಿ. ಆಚೀಚೆ ನೋಡಿ, ಭಾವನ ಕಡೆ ಬಾಗಿ, ಮೆಲ್ಲಗೆ ಕೇಳಿದರು: “ಒಂದಕ್ಕೆ...”

“ಒಂದಕ್ಕೆ ನೂರೈವತ್ತು!” ಭಾವನ ಗಂಟಲು ಬೀದಿಗೆಲ್ಲ ಕೇಳಿಸಿತು. “ಎರಡಕ್ಕೆ ಹೋದ್ರೆ ಡಿಸ್ಕೌಂಟ್ ಇದೆ, ಯಜಮಾನ್ರೇ!”

“ಎರಡಕ್ಕಲ್ಲಪ್ಪ, ಒಂದಕ್ಕೆ. ಬೇಗ.”

“ಅರ್ಜೆಂಟ್ ಮಾಡಿದ್ರೆ ಹೇಗೆ? ನಿಧಾನವಾಗಿ ಮುಟ್ಟಿ ನೋಡಿ. ಎಷ್ಟು ನೀರು ಬಿದ್ರೂ ಹೀರ್ಕೊಳ್ಳುತ್ತೆ!”

ನೀರು ಅಂದದ್ದೇ ತಡ, ಅಜ್ಜ ಮೊಣಕಾಲು ಜೋಡಿಸಿಕೊಂಡರು. ಟವೆಲ್ ಆರಿಸುತ್ತಿದ್ದ ಇಬ್ಬರು ಹೆಂಗಸರು ಇತ್ತ ತಿರುಗಿದರು. ಅಷ್ಟು ವಯಸ್ಸಿನ ಮನುಷ್ಯ ಕೊನೆಗೆ ಒಂದನೇ ಕ್ಲಾಸಿನ ಮಗುವಿನ ಹಾಗೆ ಕಿರುಬೆರಳು ಎತ್ತಿ ತೋರಿಸಿದರು. ನನಗೆ ನಮ್ಮ ಅಂಗಡಿಯ ಬಗ್ಗೆಯೇ ನಾಚಿಕೆಯಾಯಿತು.

ಭಾವನ ಮುಖ ಹುಳ್ಳಗಾಯಿತು. ಎದ್ದವರೇ ಅಜ್ಜನ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದರು. ಕಕ್ಕಸಿನ ಮುಂದೆ ನಿಂತು ಜೇಬು ತಡಕಿದರು. ಬೀಗದ ಕೈ ಇಲ್ಲ. ನಾನು ಓಡಿಹೋಗಿ ಗಲ್ಲಾಪೆಟ್ಟಿಗೆ ಜಾಲಾಡಿದೆ. ಅಲ್ಲೂ ಇಲ್ಲ.

“ಅಯ್ಯೋ, ನಿನ್ನೆ ಹಾಕಿದ್ದ ಪ್ಯಾಂಟಲ್ಲಿ ಉಳೀತು ಕಣೋ!”

“ತಡೆಯೋಕಾಗಲ್ಲಪ್ಪ,” ಅಂದರು ಅಜ್ಜ. ಅವರ ಕಣ್ಣಲ್ಲಿ ನೀರು ಬಂದಿತ್ತು.

ಭಾವ ಬಾಗಿಲಿಗೆ ಒದ್ದರು. ಮೊದಲ ಒದೆಗೆ ಅವರ ಚಪ್ಪಲಿ ಕಿತ್ತುಹೋಯಿತು. ಎರಡನೆಯದಕ್ಕೆ ಬೀಗ ಕೊಂಡಿಯ ಸಮೇತ ಕಿತ್ತು ಬಂತು. ಅಜ್ಜ ಒಳಗೆ ಹೋದರು. ನಾವಿಬ್ಬರೂ ಗೋಡೆ ನೋಡುತ್ತಾ ನಿಂತೆವು. ಒಳಗಿನಿಂದ ಸದ್ದು ಕೇಳಿಸಿದಾಗ ಅಜ್ಜನಿಗಿಂತ ಮೊದಲು ಭಾವನೇ “ಉಸ್ಸಪ್ಪಾ” ಅಂದರು.

ಹೊರಗೆ ಬಂದ ಅಜ್ಜನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ತುಟಿ ಒಣಗಿ ಬಿರಿದಿತ್ತು. ಭಾವ ನೀರು ತಂದುಕೊಟ್ಟರೆ, ಅಜ್ಜ ಲೋಟ ಹಿಡಿದು ಕುಡಿಯದೆ ಕೂತರು.

“ಪೇಟೆಗೆ ಬರೋ ದಿನ ಬೆಳಿಗ್ಗೆಯಿಂದ ನೀರೇ ಮುಟ್ಟಲ್ಲ ನಾನು. ಡಾಕ್ಟ್ರು ಬೈತಾರೆ. ಕುಡಿದು ಎಲ್ಲಿಗೆ ಅಂತ ಹೋಗ್ಲಿ?” ಲೋಟದೊಳಗೆ ನೋಡಿದರು. “ಈಗ ಕುಡಿದ್ರೆ, ಇನ್ನೊಂದ್ಸಲ ಬಿಡ್ತೀಯೇನಪ್ಪಾ?”

ಭಾವ ಲೋಟವನ್ನು ಅವರ ಬಾಯಿಯ ಹತ್ತಿರಕ್ಕೆ ಸರಿಸಿದರು.

“ಕುಡೀರಿ ಅಜ್ಜ. ಎಷ್ಟು ಸಲ ಬೇಕಾದ್ರೂ ಹೋಗಿ.”

ಅಜ್ಜ ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಮತ್ತೆ ಮುಂದೆ ಚಾಚಿದರು.