ಸೀಟಿಗೆ ಹಚ್ಚಿದ ಕೀಲೆಣ್ಣೆ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದಿನಕ್ಕೊಂದು ಶೆಡ್ ಏಳುತ್ತಿದ್ದ ಕಾಲ. ಅಲ್ಲೊಂದು ಫ್ಯಾಕ್ಟರಿಯ ಸಾಹೇಬರಿಗೆ ನಾನು ಡ್ರೈವರ್. ವಿರೂಪಾಕ್ಷಿಪುರದ ಕಡೆ ನಮಗೆ ಹೊಲ ಇತ್ತು, ಹಿಪ್ಪುನೇರಳೆ ಇತ್ತು. ಆದರೆ ಸ್ಟೀರಿಂಗ್ ಹಿಡಿದ ಮೇಲೆ ಗುದ್ದಲಿ ಹಿಡಿಯೋಕೆ ಕೈ ಬಗ್ಗುತ್ತಾ? ಬಿಳಿ ಯೂನಿಫಾರಂ ಹಾಕಿಕೊಂಡು ಊರಿಗೆ ಹೋದರೆ ಅರಳಿಕಟ್ಟೆಯಲ್ಲಿ ಕೂತವರು "ಏನ್ಲಾ, ಸಾಹೇಬ್ರು ಬಂದ್ಬುಟ್ರು" ಅಂತ ರೇಗಿಸೋರು. ಮೇಲೆ ಮುಖ ಸಿಂಡರಿಸಿದರೂ ಒಳಗೊಳಗೇ ಉಬ್ಬಿಹೋಗುತ್ತಿದ್ದೆ. ಈ ಕೆಲಸ ಹೋದರೆ ನಾನು ಏನೂ ಅಲ್ಲ ಅನ್ನೋ ಹೆದರಿಕೆಯೂ ಅಷ್ಟೇ ಇತ್ತು.

ಆ ಕಾರಿನ ಮುಂದಿನ ಎರಡು ಸೀಟೂ ಮೋಟಾರಿನವು. ಸೀಟಿನ ಮಗ್ಗುಲಲ್ಲಿ, ಬಾಗಿಲ ಕಡೆ, ಕಣ್ಣಿಗೆ ಕಾಣದಷ್ಟು ಕೆಳಗೆ ಎರಡು ಗುಂಡಿ. ಅಡ್ಡ ಇರೋದನ್ನು ಮುಂದಕ್ಕೆ ತಳ್ಳಿದರೆ ಸೀಟು ಮುಂದಕ್ಕೆ, ಹಿಂದಕ್ಕೆ ತಳ್ಳಿದರೆ ಹಿಂದಕ್ಕೆ, ಎತ್ತಿದರೆ ಮೇಲಕ್ಕೆ. ನೆಟ್ಟಗೆ ನಿಂತಿರೋದು ಬೆನ್ನಿಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಟಾರ್ಚ್ ಹಿಡಿದು ಸೀಟಿನ ಕೆಳಗೆ ತಲೆ ತೂರಿಸಿ ನೋಡಿದ್ದೆ. ಮುಷ್ಟಿಗಾತ್ರದ ಒಂದು ಮೋಟಾರು. ಅದರಿಂದ ಎಡಕ್ಕೊಂದು ಬಲಕ್ಕೊಂದು ಕೇಬಲ್. ಸೀಟು ಜಾರುವ ಎರಡೂ ಕಂಬಿಗಳ ಒಳಗೆ ಉದ್ದನೆಯ ಸ್ಕ್ರೂ, ಅದರ ಮೇಲೆ ಸೀಟಿಗೆ ಬಿಗಿದ ನಟ್ಟು. ಮೋಟಾರು ಸುತ್ತಿದರೆ ಸ್ಕ್ರೂ ನಿಂತಲ್ಲೇ ತಿರುಗುತ್ತೆ, ನಟ್ಟು ಅದರ ಮೇಲೆ ಹರಿಯುತ್ತೆ, ಕೂತವರ ಸಮೇತ ಸೀಟು ಹೊರಡುತ್ತೆ. ಗುಂಡಿ ಬಿಟ್ಟರೆ ಅಲ್ಲೇ ಗಟ್ಟಿ. ನೂಕಿದರೂ ಜಗ್ಗಿದರೂ ಒಂದು ಕೂದಲೆಳೆ ಅಲ್ಲಾಡೋದಿಲ್ಲ. ಎಂಥಾ ತಲೆ ಅಂತೀನಿ ಇದನ್ನ ಮಾಡಿದೋನ್ದು!

ನನ್ನ ಪಕ್ಕದ ಸೀಟು ಸಾಹೇಬರ ಸೊಗಸಿಗಲ್ಲ, ಅವರ ತಾಯಿಯವರಿಗೆ. ಆಯಮ್ಮನಿಗೆ ಸೊಂಟದ ಆಪರೇಶನ್ ಆಗಿತ್ತು. ಸೀಟು ಪೂರ್ತಿ ಹಿಂದಕ್ಕೆ ಹೋಗಿ ಒಂದಿಷ್ಟು ಮೇಲೆದ್ದರೆ ಮಾತ್ರ ಎರಡೂ ಕಾಲು ಒಟ್ಟಿಗೆ ಹೊರಳಿಸಿ ಹತ್ತಿ ಇಳಿಯೋಕಾಗುತ್ತಿತ್ತು. ಕೂತ ಮೇಲೆ ಕಾಲು ನೇತಾಡಬಾರದು ಅಂತ ಡಾಕ್ಟರು ಹೇಳಿದ್ದರಿಂದ ನಾನು ಸೀಟನ್ನು ಮುಂದಕ್ಕೆ ತಂದು ಪಾದ ಊರಿಸುತ್ತಿದ್ದೆ. ಸ್ವಲ್ಪ ದಿನಕ್ಕೆ ಅದು ಕಿರ್ ಕಿರ್ ಅನ್ನೋಕೆ ಶುರುವಾಯಿತು. "ಏನಪ್ಪಾ ಇದು, ನನ್ನ ಸೊಂಟವೇ ಕಿರುಗುಟ್ಟಿದ ಹಾಗಾಗುತ್ತೆ" ಅಂತ ಆಯಮ್ಮ ನಗೋರು. ಶನಿವಾರ ಸರ್ವೀಸಿಗೆ ಬಿಡು ಅಂದರು ಸಾಹೇಬರು.

ಅಷ್ಟರಲ್ಲಿ ಫ್ಯಾಕ್ಟರಿಗೆ ಬರುವ ಅತಿಥಿಗಳಿಗೆ ಕೊಡೋಕೆ ಚನ್ನಪಟ್ಟಣದಿಂದ ಮರದ ಬೊಂಬೆ ತರುವ ಕೆಲಸ ಬಿತ್ತು. ಬೊಂಬೆ ತುಂಬಿಕೊಂಡು, ಯಾರನ್ನೂ ಕೇಳದೆ, ಕಾರನ್ನು ಊರ ಕಡೆ ತಿರುಗಿಸಿಬಿಟ್ಟೆ. ಅಪ್ಪನನ್ನು ಮುಂದಿನ ಸೀಟಲ್ಲಿ ಕೂರಿಸಬೇಕು ಅನ್ನೋ ಚಪಲ. ಅವನು ಕೂರಲೇ ಇಲ್ಲ. ಪಂಚೆಯಲ್ಲಿ ಮಣ್ಣಿದೆ ಅಂದ. ಅವನಿಗಾಗಿ ಸೀಟು ಸರಿಸಿದಾಗಿನ ಕಿರ್ ಅನ್ನೋ ಸದ್ದು ಮಾತ್ರ ಅವನ ಕಿವಿಗೆ ಬಿತ್ತು ನೋಡಿ, ಮುಖವೇ ಬದಲಾಯಿತು.

"ಕಬ್ಬಿಣಕ್ಕೆ ಕಬ್ಬಿಣ ತೀಡ್ತಾ ಐತೆ ಕಣ್ಲಾ. ಒಸಿ ಜಿಡ್ಡು ಕೊಟ್ರೆ ಸುಮ್ಕಾಯ್ತದೆ."

ಎತ್ತು ಗಾಡಿ ಮಾರಿ ಎಷ್ಟೋ ವರ್ಷವಾಗಿದ್ದರೂ ಅಪ್ಪ ಕೀಲೆಣ್ಣೆಯ ಬಿದಿರ ಗೊಟ್ಟವನ್ನು ಸೂರಿಗೆ ಸಿಕ್ಕಿಸಿ ಇಟ್ಟಿದ್ದ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚುವ ಎಣ್ಣೆ ಅದು. ಹೊಸದಾಗಿ ಕಲಸಿದ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ನಾನೇ ಗುಂಡಿ ಒತ್ತಿ ಸೀಟನ್ನು ಮುಂದಕ್ಕೂ ಹಿಂದಕ್ಕೂ ಓಡಿಸಿದೆ, ಅಪ್ಪ ಹಿಂದಿನ ಬಾಗಿಲಿಂದ ತೂರಿ, ಇದ್ದ ಗ್ರೀಸನ್ನೆಲ್ಲ ಒರೆಸಿ, ಸ್ಕ್ರೂವಿನ ಉದ್ದಕ್ಕೂ ಬೆರಳಲ್ಲಿ ಮೆತ್ತಿದ. ಸದ್ದು ಹೋಯಿತು! "ಭಲೇ ಅಪ್ಪ" ಅಂದೆ. ಅವನ ಮುಖ ನೋಡಬೇಕಿತ್ತು ನೀವು. ಶನಿವಾರ ನಾನು ಸರ್ವೀಸಿಗೆ ಹೋಗಲಿಲ್ಲ, ಸರಿಯಾಗಿದೆ ಸಾರ್ ಅಂದುಬಿಟ್ಟೆ.

ಎರಡು ವಾರ ಕಳೆದು ಆಯಮ್ಮ ಕೆಂಗಲ್ ಆಂಜನೇಯನ ದರ್ಶನಕ್ಕೆ ಹೊರಟರು. ಕಾರಲ್ಲಿ ಅವರು, ನಾನು, ಇಬ್ಬರೇ. ಕನಕಪುರದ ಮನೆಯಲ್ಲಿ ಹತ್ತಿಸಿ ಸೀಟು ಮುಂದಕ್ಕೆ ತರುವಾಗಲೇ ಅದು ಏದುಸಿರು ಬಿಡುತ್ತಿತ್ತು. ಗೊತ್ತಾದರೂ ಹೊರಟೆ. ದೇವಸ್ಥಾನದ ಮುಂದೆ ನಿಲ್ಲಿಸಿ ಗುಂಡಿಯನ್ನು ಹಿಂದಕ್ಕೆ ತಳ್ಳಿದೆ. ಮೋಟಾರು ಮುಲುಗಿ, ಟಕ್ ಅಂತ ನಿಂತಿತು. ತುಂಬಾ ಬಿಸಿಯಾದರೆ ಸುಟ್ಟುಹೋಗದಿರಲಿ ಅಂತ ಅದು ತಾನೇ ನಿಂತುಕೊಳ್ಳುತ್ತೆ. ಕಾದು ಮತ್ತೆ ಒತ್ತಿದೆ. ಮತ್ತೆ ಟಕ್. ಸೀಟು ಅಷ್ಟು ಮುಂದಿದ್ದರೆ ಆಯಮ್ಮ ಕಾಲು ಹೊರಳಿಸೋ ಹಾಗಿಲ್ಲ, ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತುತ್ತೆ. ಬಿಸಿಲೇರಿತು. "ನೋಯ್ತಿದೆ ಕಣಪ್ಪಾ, ಏನಾದ್ರೂ ಮಾಡು" ಅಂತ ನನ್ನ ಕೈ ಹಿಡಿದುಕೊಂಡು ಅತ್ತೇಬಿಟ್ಟರು. ಎಂಥಾ ಪಾಪಿ ನಾನು.

ಚನ್ನಪಟ್ಟಣದಿಂದ ಮೆಕ್ಯಾನಿಕ್ ಬಂದು ಕೇಬಲ್ ಕಳಚಿ, ಇಕ್ಕಳದಲ್ಲಿ ಎರಡೂ ಸ್ಕ್ರೂ ಒಂದೊಂದೇ ಸುತ್ತು ತಿರುಗಿಸಿ, ಸೀಟನ್ನು ಇಂಚಿಂಚೇ ಹಿಂದಕ್ಕೆ ತಂದ. ಬೆರಳಿಗೆ ಹತ್ತಿದ ಕಪ್ಪು ಅಂಟನ್ನು ಮೂಸಿ ನೋಡಿದ. "ಹರಳೆಣ್ಣೆ! ಯಾವನ್ಲಾ ಇದಕ್ಕೆ ಕೀಲೆಣ್ಣೆ ಬಳ್ದೋನು? ಧೂಳೆಲ್ಲ ಕಚ್ಕೊಂಡು ಕಲ್ಲಾಗೈತಲ್ಲೋ!" ಆಯಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

ಸಂಜೆ ಸಾಹೇಬರ ಮುಂದೆ ನಿಂತೆ. ಕಾರನ್ನು ಊರಿಗೆ ಒಯ್ದದ್ದನ್ನು ಒಪ್ಪಿಕೊಂಡೆ. ಆಮೇಲೆ ನನ್ನ ನಾಲಿಗೆ ತಾನಾಗಿಯೇ ಓಡಿತು. "ನಾನು ಒಳಗೆ ಊಟ ಮಾಡ್ತಿದ್ದೆ ಸಾರ್. ನಮ್ಮಪ್ಪ ಹಳ್ಳಿಯೋನು, ತಿಳಿಯಲ್ಲ, ನನ್ನ ಕೇಳದೆ ಹಚ್ಚಿಬಿಟ್ಟಿದಾನೆ." ಅವರು, "ಭಾನುವಾರ ನಿಮ್ಮ ತಂದೇನ ಕರ್ಕೊಂಡ್ ಬಾ" ಅಂದರು.

ಅಪ್ಪ ಮಡಿ ಪಂಚೆ ಉಟ್ಟು, ಆಯಮ್ಮನಿಗೆ ಅಂತ ಒಂದು ಚೀಲ ಸೊಗಡಿನ ಅವರೆಕಾಯಿ ಹಿಡಿದು ಬಂದ. ನಾನು ಹೇಳಿದ ಸುಳ್ಳನ್ನು ಬಸ್ಸಿನಲ್ಲಿ ಅವನಿಗೆ ತಿಳಿಸಬೇಕು ಅಂತ ಎಷ್ಟು ಸಲ ಬಾಯಿ ತೆರೆದೆನೋ. ಕನಕಪುರ ಬಂದೇಬಿಟ್ಟಿತು.

ಆಯಮ್ಮ ಜಗುಲಿಯ ಕುರ್ಚಿಯಲ್ಲಿದ್ದರು. ಅಪ್ಪ ಕೈಮುಗಿದು ತಪ್ಪಾಯ್ತು ತಾಯಿ ಅಂದ. ಸಾಹೇಬರು ಕೇಳಿದರು, "ಎಣ್ಣೆ ಹಚ್ಚೋವಾಗ ಮಗ ಅಲ್ಲಿರಲಿಲ್ವಂತೆ?"

ಅಪ್ಪ ನನ್ನ ಕಡೆ ನೋಡಿದ. ಒಂದು ಗಳಿಗೆ, ಅಷ್ಟೇ. "ಇರ್ಲಿಲ್ಲ ಸ್ವಾಮಿ. ಒಳಗೆ ಉಣ್ತಾ ಕುಂತಿದ್ದ."

"ಸೀಟು ಓಡಾಡದೆ ಆ ಸ್ಕ್ರೂಗೆ ಪೂರ್ತಿ ಹಚ್ಚೋಕೆ ಬರಲ್ಲ. ಓಡಿಸಿದ್ದು ಯಾರು?"

"ನಾನೇ ಸ್ವಾಮಿ."

"ಹೌದಾ? ತೋರಿಸಿ."

ಅಪ್ಪ ಚಪ್ಪಲಿ ಬಿಟ್ಟು ಕಾರಿನ ಹತ್ತಿರ ಹೋದ. ಬಾಗಿಲು ತೆಗೆದುಕೊಟ್ಟವನು ನಾನೇ. ಡ್ಯಾಶ್‌ಬೋರ್ಡನ್ನೆಲ್ಲ ಸವರಿದ. ಒಂದು ಕಡೆ ಒತ್ತಿದ, ಅದರಲ್ಲಿದ್ದ ಪೆಟ್ಟಿಗೆಯ ಮುಚ್ಚಳ ದಡಕ್ಕನೆ ಬಿಚ್ಚಿಕೊಂಡಿತು, ಬೆಚ್ಚಿ ಹಿಂದೆ ಸರಿದ. ಬೆವರು ಒರೆಸಿಕೊಂಡು, ಏಳಲೊಲ್ಲದ ಎತ್ತನ್ನು ನೂಕುವ ಹಾಗೆ ಎರಡೂ ಕೈ ಕೊಟ್ಟು ಸೀಟನ್ನು ನೂಕತೊಡಗಿದ. ಅದು ಅಲ್ಲಾಡಲಿಲ್ಲ. ಅಲ್ಲಾಡೋದಿಲ್ಲ ಅಂತ ನನಗೆ ಗೊತ್ತಿತ್ತು. ಗುಂಡಿ ಅವನ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಗುಂಡಿ ಒತ್ತಿದ್ದು ನಾನು ಸಾರ್" ಅಂದೆ.

ಸಾಹೇಬರು ಬೈಯಲಿಲ್ಲ. ಸುಮ್ಮನೆ ಅಂಗೈ ಚಾಚಿದರು. ಕೀ ಇಟ್ಟೆ. ಆಯಮ್ಮ ಅವರೆಕಾಯಿ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಲು ಕೆಲಸದವಳಿಗೆ ಹೇಳಿ, ಅಪ್ಪನಿಗೆ ಮಾತ್ರ ಕಾಫಿ ತರಿಸಿದರು.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಅಪ್ಪ, ಈ ಕಡೆ ನಾನು. ತಲೆ ಎತ್ತೋಕೂ ನಾಚಿಕೆ. ಸಾತನೂರು ದಾಟೋವರೆಗೂ ಅವನು ಕಿಟಕಿಯಾಚೆ ಹೊಲಗಳನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. ಉಗೀತಾನೆ, ಉಗಿದರೆ ಸಾಕಪ್ಪಾ ಅಂತ ಕಾದೆ.

"ಯಾಕ್ಲಾ ಬಾಯ್ಬುಟ್ಟೆ?" ಅಂದ. "ಇನ್ನೊಸಿ ಹೊತ್ತು ಬುಟ್ಟಿದ್ರೆ ಆ ಗುಂಡಿ ಸಿಕ್ತಿತ್ತು ನಂಗೆ."