ವೊಬ್ಬೆ ಮಾಮನ ಸೋಪು, ಇಮ್ಕೆ ಅತ್ತೆಯ ಬಳಿಗೋಲು

ಬೆಳಿಗ್ಗೆ ಕಾರ್ಖಾನೆಗೆ ಬಂದವರೇ ವೊಬ್ಬೆ ಮಾಮ ಮೊದಲು ಮಾಡುವ ಕೆಲಸ, ಹಿಂದಿನ ದಿನ ಕಲಸಿಟ್ಟ ದ್ರವ ಸೋಪಿನ ಗಾಜಿನ ಲೋಟಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡುವುದು. ಕಿಟಕಿಯಾಚೆ ಕಾಲುವೆ, ಕಾಲುವೆಯಾಚೆ ಹುಲ್ಲುಗಾವಲು, ಅಲ್ಲಿ ಯಾರದೋ ಕುರಿಗಳು. ಲೋಟದೊಳಗಿಂದ ಕುರಿ ಕುರಿಯ ಹಾಗೇ ಕಂಡರೆ ಸೋಪು ಚೆನ್ನಾಗಿದೆ. ಮಂಜಿನಲ್ಲಿ ನಿಂತ ಹಾಗೆ ಕಂಡರೆ ಲೋಟ ಬಚ್ಚಲಿಗೆ. "ಕುರಿ ಕಾಣ್ತಾ ಇಲ್ಲ" ಎಂದು ಅವರು ಅಂದರೆ ಆ ದಿನ ಮತ್ತೆ ಮೊದಲಿಂದ ಎಂದು ನಾನು ಏಪ್ರನ್ ಕಟ್ಟಿಕೊಳ್ಳುತ್ತೇನೆ.

ಅವರ ಎದುರಿನ ಮೇಜು ನನ್ನದು. ಮಗಳು ಹುಟ್ಟಿದ ಮೇಲೆ ವಾರಕ್ಕೆ ಮೂರು ದಿನ ಮಾತ್ರ ಹೋಗುತ್ತೇನೆ. ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡಿನ ಈ ಸಣ್ಣ ಊರಿನಲ್ಲಿ ವೊಬ್ಬೆಯವರನ್ನು ನಾವೆಲ್ಲ ಮಾಮ ಎಂದೇ ಕರೆಯುವುದು. ಅವರು ಹುಡುಗರಾಗಿದ್ದಾಗ ಹಾಲಿನ ಕಾರ್ಖಾನೆಯಲ್ಲಿ ಕ್ಯಾನು ತೊಳೆಯುತ್ತಿದ್ದರಂತೆ. ಆಮೇಲೆ ಅಲ್ಲಿಯ ಪ್ರಯೋಗಾಲಯ ಸೇರಿದರು. ಅದು ಮುಚ್ಚಿದ ಮೇಲೆ ನಮ್ಮ ಸೋಪಿನ ಕಾರ್ಖಾನೆಗೆ ಬಂದರು. ಈಗಲೂ ಅವರ ಮಾತಿನಲ್ಲಿ ಎಲ್ಲ ಹಾಲೇ. ಸೋಪು ಕೆಟ್ಟರೆ "ಒಡೀತು" ಅನ್ನುತ್ತಾರೆ.

ನಾನು ಸೇರಿದ ಹೊಸತರಲ್ಲಿ ಅವರು ನನಗೆ ಪಾಠ ಹೇಳಿದ್ದು ಎರಡೇ ನಿಮಿಷ. ಕೈ ತೊಳೆಯುವ ಸೋಪಿಗೆ ಹಾಕುವ ರೋಗಾಣು ಕೊಲ್ಲುವ ಪದಾರ್ಥದ ಮೈಮೇಲೆ ಧನ ವಿದ್ಯುತ್ತು ಇರುತ್ತದೆ, ರೋಗಾಣುವಿನ ಮೈಮೇಲೆ ಋಣ. ಅದಕ್ಕೇ ಇದು ಹೋಗಿ ಅದಕ್ಕೆ ಅಂಟಿಕೊಂಡು ಅದರ ಸಿಪ್ಪೆ ಹರಿಯುತ್ತದೆ. ಆದರೆ ಮಾಮೂಲಿ ಸೋಪುಗಳಲ್ಲಿ ನೊರೆ ಬರಿಸುವ ಪದಾರ್ಥದ ಮೈಮೇಲೂ ಋಣವೇ. ಇಷ್ಟು ಹೇಳಿ, ಕೊಲ್ಲುವ ಪದಾರ್ಥ ಕರಗಿಸಿದ ತಿಳಿ ನೀರಿಗೆ ಪಾತ್ರೆ ತೊಳೆಯುವ ಸೋಪನ್ನು ಒಂದು ಚಮಚ ಬಿಟ್ಟರು. ಹಾಲಿಗೆ ನಿಂಬೆ ಹಿಂಡಿದ ಹಾಗೆ ಬಿಳಿ ಎಳೆಗಳು ಎದ್ದವು.

"ನೋಡು ಹುಡುಗಿ, ಇಬ್ಬರೂ ತಬ್ಕೊಂಡ್ರು. ಇನ್ನು ಇವರಿಂದ ಯಾವ ಕೆಲಸಾನೂ ಆಗಲ್ಲ. ಹೊಸದಾಗಿ ಮದುವೆ ಆದೋರ ಥರ."

ಹಾಗಾಗಿ ಅವರ ಸೋಪಿಗೆ ಬೇರೆಯದೇ ದಾರಿ. ಸಕ್ಕರೆಯಿಂದ ಮಾಡಿದ, ಯಾವ ವಿದ್ಯುತ್ತೂ ಇಲ್ಲದ ತೊಳೆಯುವ ಪದಾರ್ಥ, ಜೊತೆಗೆ ತೆಂಗಿನೆಣ್ಣೆಯಿಂದ ಬಂದ ಸೌಮ್ಯವಾದದ್ದು ಒಂದಿಷ್ಟು. ಬೇರೆ ಸೋಪಿಗೆ ಉಪ್ಪು ಹಾಕಿದರೆ ಮಂದವಾಗುತ್ತದೆ, ಇದು ಆಗುವುದಿಲ್ಲ. ಅದಕ್ಕೇ ಮರದ ನಾರಿನಿಂದ ಮಾಡಿದ ಪುಡಿಯನ್ನು ತಿರುಗುವ ನೀರಿಗೆ ಚೂರು ಚೂರೇ ಉದುರಿಸಬೇಕು, ಅವಸರ ಮಾಡಿದರೆ ಗಂಜಿಯ ಹಾಗೆ ಗಂಟು. ಕೈ ಒಡೆಯದ ಹಾಗೆ ಗ್ಲಿಸರಿನ್. ಬಣ್ಣ ಇಲ್ಲ, ಯಾಕೆಂದರೆ ನಮ್ಮಲ್ಲಿರುವ ಬಣ್ಣಗಳ ಮೈಮೇಲೂ ಋಣ. ನೊರೆ ಸ್ವಲ್ಪ ಕಮ್ಮಿ. ಕೊಳ್ಳುವವರೆಲ್ಲ ದೂರುವುದು ಅದನ್ನೇ. "ನೊರೆ ಬೇಕಿದ್ರೆ ಬಿಯರ್ ಕುಡೀಲಿ" ಎಂದು ಮಾಮ ಗೊಣಗುತ್ತಾರೆ.

ಈ ಸೋಪನ್ನು ಅವರು ಯಾರಿಗಾಗಿ ಇಷ್ಟು ಹಟ ಹಿಡಿದು ತಿದ್ದುತ್ತಿದ್ದರು ಎಂದು ನಮಗೆಲ್ಲ ಗೊತ್ತಿತ್ತು. ಹೆಂಡತಿ ಇಮ್ಕೆ ಅತ್ತೆಗೆ ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ಮಾಮ ಒಬ್ಬರೇ ಎತ್ತಿ ಇಳಿಸಲಾಗದೆ ಚರ್ಚಿನ ಹಿಂದಿನ ಆರೈಕೆ ಮನೆಗೆ ಸೇರಿಸಿದ್ದರು. ಅಲ್ಲಿ ಹಾಸಿಗೆಗೆ ಒತ್ತಿ ಒತ್ತಿ ಅತ್ತೆಯ ಹಿಮ್ಮಡಿಯಲ್ಲಿ ಹುಣ್ಣಾಯಿತು. ಒಣಗುತ್ತಿತ್ತು, ಮತ್ತೆ ಕೀವು ತುಂಬುತ್ತಿತ್ತು. ಹೀಗೇ ಆದರೆ ಕಾಲು ಉಳಿಸುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ರೋಗಾಣು ಕೈಯಿಂದ ಕೈಗೆ ದಾಟುತ್ತದೆ ಎಂದು ಅಲ್ಲಿಯ ದಾದಿ ರಿನ್ಸ್ಕೆ ಹೇಳಿದ್ದು ಮಾಮನ ಮನಸ್ಸಿನಲ್ಲಿ ಕೂತಿತು. ಕಾಲಿಗೆ ಅವರು ಏನೂ ಮಾಡುವಂತಿರಲಿಲ್ಲ. ಕೈಗೆ ಸೋಪು ಮಾಡಬಲ್ಲರು.

ವಸಂತದಲ್ಲಿ ಸೋಪು ಸಿದ್ಧವಾಯಿತು. ರೋಗಾಣು ಬೆಳೆಸಿದ ತಟ್ಟೆಗಳ ಮೇಲೆ ಪರೀಕ್ಷೆ ಮಾಡಿಸಿದರು, ತಟ್ಟೆಗಳು ಖಾಲಿ. ಆರೈಕೆ ಮನೆಯವರು ಒಪ್ಪಿ, ಹಳೆಯ ಗುಲಾಬಿ ಬಣ್ಣದ ಮಾಮೂಲಿ ಸೋಪಿನ ಬದಲು ನಮ್ಮದನ್ನು ತರಿಸಿದರು. ಬೇರೆ ಸೋಪಿನ ಜೊತೆ ಬೆರೆಸಬೇಡಿ ಎಂದು ಬಾಟಲಿಯ ಮೇಲೆ ಬರೆದಿತ್ತು, ಮಾಮ ಬಾಯಲ್ಲೂ ಹೇಳಿ ಬಂದರು. ಎಲ್ಲರೂ ತಲೆಯಾಡಿಸಿದರಂತೆ.

ಹಿಮ್ಮಡಿ ಮೊದಲು ಸ್ವಲ್ಪ ಒಣಗಿತು. ಆಮೇಲೆ ಹಿಂದಿಗಿಂತ ಜೋರಾಗಿ ಕೆಂಪೇರಿತು. ಮಾಮ ಹೋಗಿ ಅತ್ತೆಯ ಕೋಣೆಯ ಗೋಡೆಯ ಡಬ್ಬಿಯಿಂದ ಸೋಪನ್ನು ಅಂಗೈಗೆ ಒತ್ತಿಕೊಂಡರು. ಮಬ್ಬಾಗಿತ್ತು. ಸೀಸೆಯಲ್ಲಿ ತಂದು ಪರೀಕ್ಷೆ ಮಾಡಿದರೆ ತಟ್ಟೆಯಲ್ಲಿ ರೋಗಾಣುಗಳು ಹುಲುಸಾಗಿ ಬೆಳೆದಿದ್ದವು. ಆ ವಾರವೆಲ್ಲ ಅವರು ತಮ್ಮನ್ನೇ ತನಿಖೆ ಮಾಡಿಕೊಂಡರು. ನೀರು ಬದಲಾಗಿತ್ತೇ, ಹದಕ್ಕೆ ಹಾಕುವ ಹುಳಿ ಜಾಸ್ತಿ ಬಿತ್ತೇ, ಪುಡಿಯ ಮೂಟೆ ಬೇರೆಯದಾಗಿತ್ತೇ? ಕಾಫಿಯ ಜೊತೆಗಿನ ಬಿಸ್ಕತ್ತನ್ನೂ ಮುಟ್ಟಲಿಲ್ಲ.

ಶುಕ್ರವಾರ ನನಗೆ ರಜೆ. ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಇಮ್ಕೆ ಅತ್ತೆಯನ್ನು ನೋಡಲು ಹೋದೆ. ಅವರು ಕಿಟಕಿಯ ಪಕ್ಕ ಮೇಜಿಗೆ ಕೂತಿದ್ದರು, ಮೈಮೇಲೆ ಏಪ್ರನ್ನು. ಖಾಲಿಯಾದಂತೆ ಕಾಣುವ ಗುಲಾಬಿ ಬಾಟಲಿಗಳ ಒಂದು ಸಾಲು, ಪಕ್ಕದಲ್ಲಿ ನಮ್ಮ ತಿಳಿ ಸೋಪಿನ ಬಾಟಲಿಗಳು. ಗುಲಾಬಿ ಬಾಟಲಿಯನ್ನು ತೊಡೆಗಳ ನಡುವೆ ಸಿಕ್ಕಿಸಿ, ಬಲಗೈಯಲ್ಲಿ ಬಳಿಗೋಲು ಹಿಡಿದು ಒಳಗೋಡೆಯನ್ನು ಬಳಿಯುತ್ತಿದ್ದರು. ನಮ್ಮ ಅಜ್ಜಿಯರ ಅಡುಗೆಮನೆಗಳಲ್ಲೆಲ್ಲ ಇರುತ್ತಿದ್ದ ಕೋಲು ಅದು. ಉದ್ದನೆಯ ಕಡ್ಡಿ, ತುದಿಗೆ ಅರ್ಧ ಚಂದ್ರದಂಥ ರಬ್ಬರು. ಬಾಟಲಿಯಲ್ಲಿ ಕಸ್ಟರ್ಡ್ ಬರುತ್ತಿದ್ದ ಕಾಲದಲ್ಲಿ ಕೊನೆಯ ಚಮಚದವರೆಗೂ ಬಳಿದು ತೆಗೆಯುವುದಕ್ಕೆ ಇಟ್ಟುಕೊಂಡದ್ದು. ಅತ್ತೆಯ ಅಪ್ಪನದು ಹಾಲು ಮೊಸರಿನ ಅಂಗಡಿ. ಅವರು ಬಾಟಲಿಗಳ ನಡುವೆಯೇ ಬೆಳೆದವರು.

"ಉಗ್ರಾಣದಲ್ಲಿ ಹಾಗೇ ಎಸೆಯೋಕೆ ಇಟ್ಟಿದ್ರು," ಎಂದರು. ಪಾರ್ಶ್ವವಾಯುವಿನ ನಂತರ ಮಾತು ನಿಧಾನ, ಆದರೆ ಸ್ಪಷ್ಟ. "ಇಷ್ಟಿಷ್ಟು ಸೋಪು. ನೋಡು."

ಬಳಿದ ಗುಲಾಬಿ ಸೋಪನ್ನು ನಮ್ಮ ಬಾಟಲಿಗೆ ಬಿಟ್ಟರು. ಬಿಳಿ ಎಳೆಗಳು ಎದ್ದವು. ಕೋಲಿನಿಂದ ತಿರುವಿ, ಮುಚ್ಚಳ ಹಾಕಿ, ತುಂಬಿದ ಸಾಲಿಗೆ ಸೇರಿಸಿದರು.

ರಿನ್ಸ್ಕೆ ನನ್ನನ್ನು ಬಾಗಿಲ ಹೊರಗೆ ಕರೆದು ಪಿಸುಗುಟ್ಟಿದಳು. ಇಲ್ಲಿಗೆ ಬಂದ ಮೇಲೆ ಅತ್ತೆ ದಿನವೆಲ್ಲ ಗೋಡೆ ನೋಡಿಕೊಂಡು ಕೂರುತ್ತಿದ್ದರಂತೆ. ಈ ಕೆಲಸ ಸಿಕ್ಕಿದ ಮೇಲೆ ತಾವೇ ಕೇಳಿ ಏಪ್ರನ್ ಕಟ್ಟಿಸಿಕೊಳ್ಳುತ್ತಾರೆ, ಊಟ ಸೇರುತ್ತದೆ, ಎದುರು ಕೋಣೆಯ ಮುದುಕನಿಗೆ ಬೈಯುತ್ತಾರೆ. "ಬೆರೆಸಬಾರ್ದು ಅಂದಿದ್ರು, ಗೊತ್ತು. ಆದ್ರೆ ಸೋಪಿಗೆ ಸೋಪು ತಾನೆ, ವಿಷ ಅಲ್ವಲ್ಲ," ಎಂದಳು. ಅವಳ ಮೇಲೆ ಕೋಪ ಬರಲಿಲ್ಲ. ನನ್ನ ಮನೆಯಲ್ಲೂ ನಾನು ಶಾಂಪೂ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಉಳಿದದ್ದನ್ನು ಹೊಸದಕ್ಕೆ ಸುರಿಯುವವಳೇ.

ಒಳಗೆ ಬಂದರೆ ಅತ್ತೆ ನನ್ನ ಮಗಳಿಗೆ ಬಳಿಗೋಲು ಕೊಟ್ಟು ಆಡಿಸುತ್ತಿದ್ದರು. ನಗುತ್ತಿದ್ದರು, ಅರ್ಧ ಮುಖದಲ್ಲಿ.

ಸೋಮವಾರ ಮಾಮನಿಗೆ ಹೇಳಿದೆ. ಅವರು ಕೂತೇ ಕೇಳಿದರು. ಆಮೇಲೆ "ಏಪ್ರನ್ ಕಟ್ಕೊಂಡಿದ್ಲಾ?" ಎಂದು ಮಾತ್ರ ಕೇಳಿದರು.

ಅವತ್ತಿನಿಂದ ಅವರು ಹೊಸ ಲೋಟಗಳನ್ನು ಕಲಸತೊಡಗಿದರು. ಗುಲಾಬಿ ಸೋಪು ಒಂದಿಷ್ಟು ಬಿದ್ದರೂ ಒಡೆಯದ ಸೋಪು ಮಾಡಬೇಕು. ಕೊಲ್ಲುವ ಪದಾರ್ಥ ಜಾಸ್ತಿ ಮಾಡಿದರೆ ದಾದಿಯರ ಕೈ ಸುಡುತ್ತದೆ. ನಡುವೆ ಅಡ್ಡ ನಿಲ್ಲಲಿ ಎಂದು ಸಕ್ಕರೆಯ ಪದಾರ್ಥ ಹೆಚ್ಚಿಸಿದರು. ಒಂದು ಲೋಟ ಮಬ್ಬಾಗದೆ ಉಳಿಯಿತು, ಆ ಬೆಳಿಗ್ಗೆ ಕುರಿ ಕಂಡಿತು. ಪರೀಕ್ಷೆಗೆ ಹಾಕಿದರೆ ತಟ್ಟೆಯ ತುಂಬ ರೋಗಾಣು. ಎರಡು ಪದಾರ್ಥಗಳೂ ಕಣ್ಣಿಗೆ ಕಾಣದ ಹಾಗೆ ತಬ್ಬಿಕೊಂಡಿದ್ದವು, ಅಷ್ಟೇ.

ಕೊನೆಗೆ ಅವರು ಒಂದು ಉಪಾಯ ಮಾಡಿದರು. ಉಗ್ರಾಣದ ಗುಲಾಬಿ ಬಾಟಲಿಗಳನ್ನು ರಿನ್ಸ್ಕೆಯನ್ನು ಕೇಳಿ ತಂದು, ತೊಳೆದು, ಪ್ರತಿಯೊಂದರ ತಳಕ್ಕೂ ನಮ್ಮ ತಿಳಿ ಸೋಪನ್ನೇ ಸ್ವಲ್ಪ ಬಿಟ್ಟರು. ಅತ್ತೆ ಬಳಿಯಲಿ, ನಮ್ಮದು ನಮ್ಮದಕ್ಕೇ ಸೇರಲಿ. ಗುಲಾಬಿ ಬಣ್ಣ ಹಾಕಿ ನೋಡಿದರು, ಬಣ್ಣ ಮುದ್ದೆಯಾಗಿ ತಳ ಸೇರಿತು. ಇರಲಿ, ಅವಳ ಕಣ್ಣು ಮೊದಲಿನ ಹಾಗಿಲ್ಲ ಎಂದುಕೊಂಡರು.

ಆ ಶುಕ್ರವಾರ ನನ್ನನ್ನೂ ಬಾ ಎಂದರು. ಮಗು ಇದ್ದರೆ ಇಮ್ಕೆಯ ಗಮನ ಅತ್ತ ಹೋಗುತ್ತದೆ ಎಂದಿರಬೇಕು. ಅತ್ತೆ ಒಂದು ಬಾಟಲಿ ಬಳಿದರು. ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದರು, ಥೇಟ್ ಮಾಮ ಲೋಟ ಹಿಡಿಯುವ ಹಾಗೆ.

"ವೊಬ್ಬೆ, ಇವು ಯಾರೂ ಬಳಸಿದ ಬಾಟಲಿ ಅಲ್ಲ."

ಬಳಸಿದ್ದೇ ಎಂದರು ಮಾಮ.

"ಅಪ್ಪನ ಅಂಗಡೀಲಿ ವಾಪಸ್ ಬಂದ ಬಾಟಲಿ ಎಣಿಸ್ತಾ ದೊಡ್ಡವಳಾದೋಳು ನಾನು. ಖಾಲಿ ಮಾಡಿದ್ದು ಯಾವ್ದು, ಬೇಕಂತ ತುಂಬಿದ್ದು ಯಾವ್ದು ಗೊತ್ತಾಗಲ್ವಾ ನಂಗೆ?" ನನ್ನ ತೊಡೆಯ ಮೇಲೆ ಬಿಸ್ಕತ್ತು ಚೀಪುತ್ತಿದ್ದ ಮಗಳ ಕಡೆ ತಿರುಗಿದರು. "ಇವಳಿಗೆ ಆಟದ ಪಾತ್ರೆ ಕೊಡ್ತಾರಲ್ಲ, ಹಾಗೆ ಕೊಟ್ಟಿದೀಯ."

ಮಾಮನಿಗೆ ಸುಳ್ಳು ಬರುವುದಿಲ್ಲ. ಎಲ್ಲ ಹೇಳಿದರು. ಧನ, ಋಣ, ಬಿಳಿ ಎಳೆ, ತಟ್ಟೆ. ನನಗೆ ಹೇಳಿದ ತಬ್ಬಿಕೊಳ್ಳುವ ಜೋಕನ್ನು ಮಾತ್ರ ಹೇಳಲಿಲ್ಲ. ಅತ್ತೆ ಬಳಿಗೋಲನ್ನು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು.

"ಅಂದ್ರೆ ನನ್ನ ಕಾಲು ನಾನೇ ಹಾಳು ಮಾಡ್ಕೊಂಡೆ."

"ಹಾಗಲ್ಲ ಇಮ್ಕೆ."

"ಮತ್ತೆ ಹೇಗೆ?"

ಮಾಮ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದರು.

"ಎರಡೂ ಸೇರೋ ಅಂಥದ್ದು ಮಾಡಕ್ಕಾಗಲ್ವಾ ನಿಂಗೆ? ಇಷ್ಟು ವರ್ಷದಿಂದ ಮಾಡ್ತಿದೀಯಲ್ಲ."

"ಆಗಲ್ಲ. ನೋಡ್ದೆ."

"ಸರಿ ಹಾಗಾದ್ರೆ," ಎಂದು ಅತ್ತೆ ಬಲಗೈಯನ್ನು ಬೆನ್ನ ಹಿಂದೆ ಹಾಕಿ ಏಪ್ರನ್ನಿನ ಗಂಟು ಹುಡುಕತೊಡಗಿದರು. ಒಂದೇ ಕೈಯಲ್ಲಿ ಬಿಚ್ಚಲಾಗಲಿಲ್ಲ. ಮಾಮ ಎದ್ದು ಬಿಚ್ಚಿದರು.

ವಿಷಯ ಅವರಿಬ್ಬರಲ್ಲೇ ಉಳಿಯುವಂತಿರಲಿಲ್ಲ. ಅತ್ತೆ ತುಂಬಿದ ಬಾಟಲಿಗಳು ಬೇರೆ ಕೋಣೆಗಳಿಗೂ ಹೋಗಿದ್ದವು, ಅಲ್ಲೂ ಹುಣ್ಣುಗಳಿರುವವರಿದ್ದರು. ಮಾಮ ಹೋಗಿ ಆರೈಕೆ ಮನೆಯ ಮೇಲ್ವಿಚಾರಕಿಗೆ ಹೇಳಿದರು. ಹೇಳಿ, ಒಂದು ಬೇಡಿಕೆಯನ್ನೂ ಇಟ್ಟರು. ಗುಲಾಬಿಯದೆಲ್ಲ ಚೆಲ್ಲಿಬಿಡಿ, ನಮ್ಮ ಬಾಟಲಿಗಳು ಖಾಲಿಯಾದಾಗ ಅವನ್ನಾದರೂ ಇಮ್ಕೆಗೆ ಕೊಡಿ, ಅದೇ ಸೋಪು ಅದಕ್ಕೇ ಸೇರುತ್ತದೆ. ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಮಾಮನ ಭುಜ ಮುಟ್ಟಿ, ಇನ್ನು ಮೇಲೆ ಬಾಟಲಿಯಿಂದ ಬಾಟಲಿಗೆ ಸುರಿಯುವುದೇ ಬೇಡ ಎಂದು ನಿರ್ಧರಿಸಿದ್ದೇವೆ ಎಂದರಂತೆ. ತೆರೆದ ಬಾಟಲಿಯಲ್ಲಿ ಏನು ಬೆಳೆಯುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದೂ ಕೇಳಿದರಂತೆ. "ನಾನೇ ಆಗಿದ್ರೂ ಅದನ್ನೇ ಹೇಳ್ತಿದ್ದೆ ಹುಡುಗಿ," ಎಂದರು ಮಾಮ ನನಗೆ.

ಈಗ ನಮ್ಮ ಸೋಪು ಅಲ್ಲಿಗೆ ಮೊಹರು ಮಾಡಿದ ಚೀಲಗಳಲ್ಲಿ ಹೋಗುತ್ತದೆ. ಚೀಲ ಡಬ್ಬಿಯೊಳಗೇ ಕುಗ್ಗುತ್ತಾ ಹೋಗಿ ಕೊನೆಗೆ ಒಣಗಿದ ಎಲೆಯ ಹಾಗೆ ಹೊರಗೆ ಬರುತ್ತದೆ. ಬಳಿಯಲು ಏನೂ ಉಳಿದಿರುವುದಿಲ್ಲ. ರಿನ್ಸ್ಕೆ ಅತ್ತೆಗೆ ಮಡಿಸಲು ಟವೆಲುಗಳನ್ನು ತಂದುಕೊಟ್ಟಳು. ಎರಡು ಮಡಿಸಿ ಪಕ್ಕಕ್ಕೆ ತಳ್ಳಿದರಂತೆ. ಇದನ್ನು ಯಾರು ಬೇಕಾದರೂ ಮಾಡುತ್ತಾರೆ ಎಂದರಂತೆ.

ಬೇಸಿಗೆ ಮುಗಿಯುವ ಹೊತ್ತಿಗೆ ಹಿಮ್ಮಡಿ ಒಣಗಿತು. ಹೊಸ ಹಾಸಿಗೆಯೂ ಬಂದಿತ್ತು, ವಾಸಿಯಾದದ್ದು ಯಾವುದರಿಂದ ಎಂದು ಹೇಳಲಾಗದು ಎಂದರು ವೈದ್ಯರು. ಮಾಮ ಆ ಸುದ್ದಿಯನ್ನು ನನಗೆ ಹೇಳಿದ್ದು ತಕ್ಕಡಿಯಲ್ಲಿ ಪುಡಿ ತೂಗುತ್ತಾ. ಕಾಲು ಉಳಿಯಿತು. ನಾನು ಖುಷಿಯಿಂದ, ಅತ್ತೆ ಏನಂದರು ಎಂದು ಕೇಳಿದೆ.

"ಗೋಡೆ ನೋಡ್ತಾಳೆ," ಎಂದರು.

ಕಳೆದ ಶುಕ್ರವಾರ ಹೋಗಿದ್ದಾಗ ಅತ್ತೆ ಬಳಿಗೋಲನ್ನು ತಳ್ಳುಗಾಡಿಯಲ್ಲಿ ಮಗಳ ಕಾಲ ಬಳಿ ಇಟ್ಟರು. ಮಗು ಇರುವ ಮನೆಯಲ್ಲಿ ಕಸ್ಟರ್ಡ್ ವ್ಯರ್ಥವಾಗುತ್ತದೆ, ತೆಗೆದುಕೊಂಡು ಹೋಗು ಎಂದರು. ಕಸ್ಟರ್ಡ್ ಈಗ ರಟ್ಟಿನ ಪೊಟ್ಟಣದಲ್ಲಿ ಬರುತ್ತದೆ ಎಂದು ನಾನು ಹೇಳಲಿಲ್ಲ. ಮನೆಗೆ ತಂದು, ಬಿಸಿ ನೀರಿನಲ್ಲಿ ತೊಳೆದು, ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಮೊನ್ನೆ ಮಗಳಿಗೆ ಸಕ್ಕರೆ ಬ್ರೆಡ್ಡು ಕೊಡಲು ಬಂದ ಮಾಮ ಅದನ್ನು ನೋಡಿದರು. ಇಳಿಸಿಕೊಂಡು, ಹೆಬ್ಬೆರಳಿನಿಂದ ರಬ್ಬರನ್ನು ಒಮ್ಮೆ ಸವರಿ, ಮತ್ತೆ ಅಲ್ಲೇ ಸಿಕ್ಕಿಸಿದರು. ಮಗಳಿಗೆ ಹಲ್ಲು ಬಂತಾ ಎಂದು ಕೇಳಿದರು.

ಇವತ್ತು ಬೆಳಿಗ್ಗೆ ಕಿಟಕಿಯ ಬಳಿ ಲೋಟಗಳ ಸಾಲಿನ ಕೊನೆಗೆ ಇನ್ನೊಂದು ಲೋಟ ಇತ್ತು. ನಾವಿಬ್ಬರೂ ಯಾವ ಕೆಲಸದ ಲೆಕ್ಕಕ್ಕೂ ಬರೆದುಕೊಳ್ಳದ ಲೋಟ. ಚೂರು ಗುಲಾಬಿ ಸೋಪಿನ ವಾಸನೆ ಬರುತ್ತಿತ್ತು. ಮಾಮ ಅದನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿ ಕುರಿಗಳ ಕಡೆ ಹಿಡಿದರು. ಕಾಣ್ತಿದೆಯಾ ಮಾಮ ಎಂದು ಕೇಳಿದೆ.

"ಇಲ್ಲ," ಎಂದು ಬಚ್ಚಲಿಗೆ ಚೆಲ್ಲಿ, ಲೋಟ ತೊಳೆಯತೊಡಗಿದರು.